20 ಎಚ್‌ಪಿ ಔಟ್‌ಬೋರ್ಡ್ ಜೊತೆ ನಾಲ್ಕು ವರ್ಷ: ಐಡ್ಲಿಂಗ್ ಏರಿದರೆ ಮೊದಲು ಸ್ಕ್ರೂ ಮುಟ್ಟಬೇಡಿ

ನಾಲ್ಕು ವರ್ಷ, ಹೆಚ್ಚುಕಡಿಮೆ 400 ಗಂಟೆ ಓಡಿಸಿದ ಮೇಲೆ ಬರೆಯುತ್ತಿದ್ದೇನೆ. ನನ್ನದು ದೋಣಿಯ ಹಿಂಭಾಗಕ್ಕೆ ಸಿಕ್ಕಿಸುವ ಔಟ್‌ಬೋರ್ಡ್ ಮೋಟರ್, ಎರಡು ಸಿಲಿಂಡರಿನ ಫೋರ್‌ಸ್ಟ್ರೋಕ್, ಕಾರ್ಬೊರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸುವ ಭಾಗ) ಇರುವ ಮಾದರಿ. ಮೋಟರ್ ಚೆನ್ನಾಗಿದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಸದ್ದು ಕಡಿಮೆ, ಪೆಟ್ರೋಲ್ ಜಾಸ್ತಿ ಕುಡಿಯುವುದಿಲ್ಲ, ಬೆಳಿಗ್ಗೆ ಎರಡನೇ ಎಳೆತಕ್ಕೆ ಸ್ಟಾರ್ಟ್ ಆಗುತ್ತದೆ. ಆದರೆ ಮೂರನೇ ವರ್ಷ ಬಂದ ಒಂದು ತೊಂದರೆ ನನ್ನನ್ನು ತಿಂಗಳುಗಟ್ಟಲೆ ಕಾಡಿತು. ಈ ವಿಮರ್ಶೆಯ ಮುಕ್ಕಾಲು ಪಾಲು ಅದರ ಬಗ್ಗೆಯೇ.

ನ್ಯೂಟ್ರಲ್‌ನಲ್ಲಿ ಥ್ರಾಟಲ್ ಪೂರ್ತಿ ಬಿಟ್ಟರೂ ಎಂಜಿನ್ ವೇಗ ಇಳಿಯುತ್ತಿರಲಿಲ್ಲ. ನನ್ನ ಮೋಟರಿನ ಕೈಪಿಡಿ ಪ್ರಕಾರ ಬಿಸಿಯಾದ ಮೇಲೆ ಐಡ್ಲಿಂಗ್, ಅಂದರೆ ಥ್ರಾಟಲ್ ಬಿಟ್ಟಾಗಿನ ಎಂಜಿನ್ ವೇಗ, 950 ಆರ್‌ಪಿಎಂ (ನಿಮಿಷಕ್ಕೆ ಸುತ್ತು) ಆಸುಪಾಸು ಇರಬೇಕು. ಪ್ಲಗ್ ವೈರಿಗೆ ಸುತ್ತುವ, ಆರ್‌ಪಿಎಂ ಅಳೆಯುವ ಚಿಕ್ಕ ಟ್ಯಾಕೊಮೀಟರ್ ಹಾಕಿ ನೋಡಿದರೆ 1500 ತೋರಿಸಿತು. ಈ ಮೀಟರ್ ಬಳಸುವವರು ಒಂದು ವಿಷಯ ಗಮನಿಸಿ. ಕೆಲವು ಫೋರ್‌ಸ್ಟ್ರೋಕ್ ಎಂಜಿನ್‌ಗಳಲ್ಲಿ ಪ್ಲಗ್ ಪ್ರತಿ ಸುತ್ತಿಗೂ ಕಿಡಿ ಕೊಡುತ್ತದೆ, ಕೆಲವದರಲ್ಲಿ ಎರಡು ಸುತ್ತಿಗೊಮ್ಮೆ. ಮೀಟರಿನಲ್ಲಿ ಸೆಟ್ಟಿಂಗ್ ತಪ್ಪಿದರೆ ಅಂಕಿ ಎರಡು ಪಟ್ಟು ಬರುತ್ತದೆ, ಇಲ್ಲವೇ ಅರ್ಧ.

ಐಡ್ಲಿಂಗ್ ಸ್ವಲ್ಪ ಜಾಸ್ತಿ ಇದ್ದರೇನು ಎನ್ನುವವರಿದ್ದಾರೆ. ಔಟ್‌ಬೋರ್ಡಿನಲ್ಲಿ ಗೇರ್ ಹಿಡಿಯುವುದು ಡಾಗ್ ಕ್ಲಚ್. ಹಲ್ಲಿಗೆ ಹಲ್ಲು ನೇರವಾಗಿ ಸಿಕ್ಕಿಕೊಳ್ಳುತ್ತದೆ, ಕಾರಿನ ಕ್ಲಚ್ಚಿನಂತೆ ಜಾರಿಕೊಂಡು ಮೆಲ್ಲಗೆ ಹಿಡಿಯುವುದಿಲ್ಲ. 1500ರಲ್ಲಿ ಗೇರ್ ಹಾಕಿದಾಗ ಬರುವ ಆ ‘ಡಬ್’ ಸದ್ದು ಹಲ್ಲಿನ ಅಂಚಿಗೆ ಬೀಳುವ ಪೆಟ್ಟು. ಅಂಚು ಸವೆದರೆ ಮುಂದೆ ಗೇರ್ ತಾನಾಗಿಯೇ ಕಳಚಿಕೊಳ್ಳತೊಡಗುತ್ತದೆ. ಜೊತೆಗೆ ದಡ ಮುಟ್ಟಿಸುವಾಗ ದೋಣಿ ಬೇಕಾದಷ್ಟು ನಿಧಾನಕ್ಕೆ ಬರುವುದೇ ಇಲ್ಲ. ನೀರಿನಲ್ಲಿ ಜನ ಇದ್ದರೆ ಎಷ್ಟು ಭಯ ಆಗುತ್ತದೆ, ಅಲ್ವಾ?

ಒಬ್ಬ ಮೆಕ್ಯಾನಿಕ್‌ಗೆ ತೋರಿಸಿದೆ. ಅವರು ಐಡ್ಲಿಂಗ್ ವೇಗ ಹೊಂದಿಸುವ ಐಡಲ್ ಸ್ಕ್ರೂ ಒಂದೂವರೆ ಸುತ್ತು ಬಿಚ್ಚಿ 950ಕ್ಕೆ ತಂದು ಕೊಟ್ಟರು. ಮಾರನೇ ದಿನ ತಣ್ಣಗಿದ್ದ ಎಂಜಿನ್ ಸ್ಟಾರ್ಟ್ ಆಗಿ ನಿಂತುಹೋಯಿತು. ಮತ್ತೆ ಸ್ಟಾರ್ಟ್, ಮತ್ತೆ ಆಫ್. ಅರ್ಧ ಗಂಟೆ ಓಡಿದ ಮೇಲೆ ಆರ್‌ಪಿಎಂ ಮತ್ತೆ 1300ಕ್ಕೆ ಹತ್ತಿತ್ತು. ಎರಡು ವರ್ಷ ಯಾರೂ ಮುಟ್ಟದ ಸ್ಕ್ರೂ ಇದು. ತಪ್ಪು ಅದರದ್ದಲ್ಲ, ಬೇರೆಲ್ಲಿಂದಲೋ ಗಾಳಿ ಹೋಗುತ್ತಿದೆ ಎಂದು ನನಗೆ ಆಗಲೇ ಅನ್ನಿಸಿತು. ಸ್ಕ್ರೂವನ್ನು ಮೊದಲಿನ ಜಾಗಕ್ಕೆ ತಂದು ನಾನೇ ಹುಡುಕಲು ಕುಳಿತೆ.

ಮೊದಲು ಎಂಜಿನ್ ಪೂರ್ತಿ ಬಿಸಿ ಮಾಡಿದೆ. ತಣ್ಣಗಿದ್ದಾಗ ಮೊದಲ ಕೆಲವು ನಿಮಿಷ ಐಡ್ಲಿಂಗ್ ಏರಿರುವುದು ಸಹಜ. ಸ್ಟಾರ್ಟಿಂಗ್‌ಗೆಂದು ಹೆಚ್ಚುವರಿ ಪೆಟ್ರೋಲ್ ಕೊಡುವ ವ್ಯವಸ್ಥೆ ಆಗ ತೆರೆದಿರುತ್ತದೆ. ಹತ್ತು ನಿಮಿಷ ಕಳೆದರೂ ಇಳಿಯದಿದ್ದರೆ ಮಾತ್ರ ಚಿಂತೆ. ಇದನ್ನೆಲ್ಲ ಮಾಡುವಾಗ ಮೋಟರಿಗೆ ತಂಪು ಮಾಡುವ ನೀರು ಸಿಗುತ್ತಿರಲೇಬೇಕು. ಒಣಗಿದ ಮೋಟರ್ ಓಡಿಸಿದರೆ ವಾಟರ್ ಪಂಪಿನ ರಬ್ಬರ್ ಇಂಪೆಲ್ಲರ್ (ನೀರು ತಳ್ಳುವ ಚಕ್ರ) ನೋಡನೋಡುತ್ತಲೇ ಸುಟ್ಟುಹೋಗುತ್ತದೆ.

ಆಮೇಲೆ ಎಂಜಿನ್ ಆಫ್ ಮಾಡಿ, ಥ್ರಾಟಲ್ ಕೇಬಲ್ಲನ್ನು ಕಾರ್ಬೊರೇಟರಿನ ಲಿವರಿನಿಂದ ಬಿಚ್ಚಿ, ಮತ್ತೆ ಸ್ಟಾರ್ಟ್ ಮಾಡಿದೆ. ಎಲ್ಲರೂ ಮಾಡಲೇಬೇಕಾದ ಪರೀಕ್ಷೆ ಇದು, ಎರಡು ನಿಮಿಷದ ಕೆಲಸ. ಕೇಬಲ್ ಬಿಚ್ಚಿದ ತಕ್ಷಣ ಆರ್‌ಪಿಎಂ ಇಳಿದರೆ ಕೇಬಲ್ ಬಿಗಿಯಾಗಿದೆ ಇಲ್ಲವೇ ಒಳಗೆ ತುಕ್ಕು ಹಿಡಿದಿದೆ ಎಂದರ್ಥ. ನನ್ನದು ಇಳಿಯಲಿಲ್ಲ. ಲಿವರ್ ಸ್ಕ್ರೂ ತುದಿಗೆ ತಾಗಿಯೇ ನಿಂತಿತ್ತು.

ಉಳಿದದ್ದು ಏರ್ ಲೀಕ್. ಚಿಕ್ಕ ಸ್ಪ್ರೇ ಬಾಟಲಿಯಲ್ಲಿ ನೀರು ತುಂಬಿ, ಎಂಜಿನ್ ಓಡುತ್ತಿರುವಾಗ ಕಾರ್ಬೊರೇಟರ್ ಮತ್ತು ಮ್ಯಾನಿಫೋಲ್ಡ್ (ಎಂಜಿನ್ನಿಗೆ ಗಾಳಿ-ಪೆಟ್ರೋಲ್ ಒಯ್ಯುವ ಕೊಳವೆ) ಕೂಡುವ ಜಾಗಕ್ಕೆ ಸ್ವಲ್ಪ ಸ್ವಲ್ಪವೇ ಹಾಯಿಸಿದೆ. ಪ್ಲಗ್ ವೈರುಗಳ ಕಡೆ ಹೋಗದಂತೆ ನೋಡಿಕೊಂಡೆ. ಕಾರ್ಬೊರೇಟರ್ ಕ್ಲೀನರ್ ಬಳಸಿದರೆ ಲೀಕ್ ಬೇಗ ಗೊತ್ತಾಗುತ್ತದೆ, ಆದರೆ ಅದು ಬೆಂಕಿ ಹಿಡಿಯುವ ವಸ್ತು, ಬಿಸಿ ಎಂಜಿನ್ ಮೇಲೆ ನನಗೆ ಧೈರ್ಯ ಬರಲಿಲ್ಲ. ಕೆಳಗಿನ ನಟ್ಟಿನ ಹತ್ತಿರ ನೀರು ಬಿದ್ದಾಗ ಎಂಜಿನ್ ಒಂದು ಕ್ಷಣ ತಗ್ಗಿತು, ಮತ್ತೆ ಏರಿತು. ಇನ್ನೊಮ್ಮೆ ಹಾಯಿಸಿದೆ. ಮತ್ತೆ ಹಾಗೇ ಆಯಿತು. ನೀರು ಕ್ಷಣಕಾಲ ಮುಚ್ಚಿದ್ದು ಲೀಕನ್ನೇ ಎಂದು ಗೊತ್ತಾಗಿ ಆಗ ಆದ ಖುಷಿಯನ್ನು ನಾನು ಇವತ್ತಿಗೂ ಮರೆತಿಲ್ಲ.

ಬಿಚ್ಚಿ ನೋಡಿದರೆ ಒಂದು ನಟ್ ಸಡಿಲವಾಗಿತ್ತು. ಗ್ಯಾಸ್ಕೆಟ್ (ಎರಡು ಭಾಗಗಳ ನಡುವೆ ಗಾಳಿ ನುಗ್ಗದಂತೆ ಇಡುವ ತೆಳು ಹಾಳೆ) ಬಿರುಸಾಗಿ ಅಂಚಿನಲ್ಲಿ ಸೀಳಿತ್ತು. ಥ್ರಾಟಲ್ ಮುಚ್ಚಿದ್ದರೂ ಆ ಸೀಳಿನಿಂದ ಗಾಳಿ ಒಳಗೆ ಹೋಗುತ್ತಿತ್ತು. ಹೊಸ ಗ್ಯಾಸ್ಕೆಟ್ ಹಾಕಿ ಎರಡೂ ನಟ್ ಸಮವಾಗಿ ಬಿಗಿ ಮಾಡಿದೆ. ಕಾರ್ಬೊರೇಟರ್ ಹೇಗೂ ಕೈಯಲ್ಲಿತ್ತು, ಐಡ್ಲಿಂಗ್‌ನಲ್ಲಿ ಪೆಟ್ರೋಲ್ ಕೊಡುವ ಚಿಕ್ಕ ರಂಧ್ರದ ಭಾಗವಾದ ಪೈಲಟ್ ಜೆಟ್ಟನ್ನೂ ತೊಳೆದೆ. ಅದು ಕಟ್ಟಿಕೊಂಡರೆ ಎಂಜಿನ್ ಐಡ್ಲಿಂಗ್‌ನಲ್ಲಿ ನಿಂತುಹೋಗುತ್ತದೆ. ಆಗ ಸುಮ್ನೆ ಸ್ಕ್ರೂ ಏರಿಸಿ ಕೆಲಸ ಸಾಗಿಸುವವರು ಬಹಳ. ಜೆಟ್ ತೊಳೆದ ದಿನ ಅದೇ ಎಂಜಿನ್ ವಿಪರೀತ ಜೋರಾಗಿ ಓಡುತ್ತದೆ. ಹೊಸ ಗ್ಯಾಸ್ಕೆಟ್ ಹಾಕಿದ ಮೇಲೆ ನನ್ನ ಸ್ಕ್ರೂ ಕಾಲು ಸುತ್ತು ತಿರುಗಿಸಿದ್ದೇ ಸಾಕಾಯಿತು. ಕೊನೆಯ ಹೊಂದಾಣಿಕೆಯನ್ನು ದೋಣಿ ನೀರಿನಲ್ಲಿದ್ದಾಗಲೇ ಮಾಡಿದೆ. ದಡದಲ್ಲಿ ಪೈಪ್ ಹಾಕಿ ಓಡಿಸುವಾಗ ಬರುವ ಅಂಕಿ ಪೂರ್ತಿ ಹೊಂದುವುದಿಲ್ಲ.

ನಾಲ್ಕನೇ ವರ್ಷ ಐಡ್ಲಿಂಗ್ ಮತ್ತೊಮ್ಮೆ ಏರಿತು, ಆದರೆ ಆಗಾಗ ಮಾತ್ರ. ಥ್ರಾಟಲ್ ಹಿಡಿಯನ್ನು ಕೈಯಲ್ಲಿ ಹಿಂದಕ್ಕೆ ಒತ್ತಿದರೆ ಇಳಿಯುತ್ತಿತ್ತು. ಈ ಸಲ ಕೇಬಲ್. ಬದಲಾಯಿಸಿದೆ, ಸರಿಯಾಯಿತು.

ಮೋಟರಿನ ಮೇಲೆ ನನ್ನ ದೂರು ಎರಡು. ಆ ಕೆಳಗಿನ ನಟ್ಟಿಗೆ ಸ್ಪ್ಯಾನರ್ ತಾಗಿಸಲು ಜಾಗವೇ ಇಲ್ಲ, ಏರ್ ಇನ್‌ಟೇಕ್ ಡಬ್ಬಿ ಪೂರ್ತಿ ಬಿಚ್ಚಬೇಕು. ಕೈಪಿಡಿಯಲ್ಲಿ ಐಡ್ಲಿಂಗ್ ಜಾಸ್ತಿಯಾದರೆ ಏನು ನೋಡಬೇಕು ಎಂಬುದಕ್ಕೆ ಒಂದೇ ಸಾಲಿದೆ, ಅದೂ ಸ್ಕ್ರೂ ತಿರುಗಿಸಿ ಎಂದು. ಐದಕ್ಕೆ ನಾಲ್ಕು ಕೊಡುತ್ತೇನೆ. ಇದೇ ತರಹದ ಹಳೆಯ ಮೋಟರ್ ಕೊಳ್ಳುವವರು ಎಂಜಿನ್ ಬಿಸಿಯಾಗುವವರೆಗೂ ಅಲ್ಲೇ ನಿಂತು, ಆಮೇಲೆ ಗೇರ್ ಹಾಕಿಸಿ, ಆ ‘ಡಬ್’ ಸದ್ದು ಬರುತ್ತದೆಯೇ ಎಂದು ಕಿವಿಗೊಟ್ಟು ಕೇಳಿ.