ಗೂಗಲ್ ಡ್ರೈವ್, 4 ವರ್ಷ ಬಳಸಿದ ಮೇಲೆ: ಕಾಕಾನ ತಲೆಯಲ್ಲಿದ್ದದ್ದು ಫೈಲಿಗೆ ಬಂತಾ?

ಬೆಳಗಾವಿಯ ಉದ್ಯಮಬಾಗದಲ್ಲಿ ಒಂದು ಸಣ್ಣ ಮಷಿನ್ ಶಾಪ್. ನಾನು ಅಲ್ಲಿ ಶಿಫ್ಟ್ ಸೂಪರ್‌ವೈಸರ್, ಕೈಕೆಳಗೆ 11 ಜನ. ಪ್ರತಿ ಕೆಲಸಕ್ಕೆ ಮಷಿನ್ ಹೇಗೆ ಹೊಂದಿಸಬೇಕು ಎನ್ನುವ ಸೆಟ್ಟಿಂಗ್ ಮಾಹಿತಿಯನ್ನೆಲ್ಲ 4 ವರ್ಷದಿಂದ ಗೂಗಲ್ ಡ್ರೈವ್‌ನಲ್ಲಿ ಇಡುತ್ತಿದ್ದೇವೆ. 5ಕ್ಕೆ 4 ಸ್ಟಾರ್ ಕೊಡುತ್ತೇನೆ. ಮೊದಲ ವರ್ಷ ಕೇಳಿದ್ದರೆ ಒಂದೇ ಕೊಡುತ್ತಿದ್ದೆ. ಅದರಲ್ಲಿ ತಪ್ಪು ನನ್ನದೇ.

ಶುರುವಾಗಿದ್ದು ಒಂದು ತೆಳು ಬುಷ್‌ನಿಂದ, ಅಂದರೆ ಕೊಳವೆಯಂಥ ಬಿಡಿಭಾಗದಿಂದ. ಮಾಲನ್ನು ಹಿಡಿಯುವ ಚಕ್‌ನಲ್ಲಿ ಇದ್ದಾಗ ಬೋರ್ (ಒಳಗಿನ ತೂತು) ಸರಿ, ಬಿಚ್ಚಿದರೆ ಓವಲ್. ಚಕ್‌ನ ಹಲ್ಲು, ಅಂದರೆ ಜಾ, ಬಿಗಿಯಾಗಿ ಹಿಡಿದರೆ ತೆಳು ಗೋಡೆ ಒಳಕ್ಕೆ ಬಾಗುತ್ತದೆ, ಬಿಟ್ಟಾಗ ಹಿಂದಕ್ಕೆ ಬರುತ್ತದೆ. ನಮ್ಮ ಹಿರಿಯ ಸೆಟ್ಟರ್ ಕಾಕಾ ಕೊನೆಯ ಕಟ್‌ಗೆ ಮುಂಚೆ ಚಕ್ ಪ್ರೆಶರ್ ಇಳಿಸುತ್ತಿದ್ದರು. ಇದು ಡ್ರಾಯಿಂಗ್‌ನಲ್ಲಿ ಇಲ್ಲ, ಪ್ರೋಗ್ರಾಂನಲ್ಲೂ ಇಲ್ಲ. ಕಾಕಾ ಮಗಳ ಮದುವೆಗೆ ರಜೆ ಹಾಕಿದರು. ಒಂದು ಶಿಫ್ಟಿನ ಮಾಲು ಸ್ಕ್ರ್ಯಾಪ್‌ಗೆ ಹೋಯಿತು.

ತಕ್ಷಣ ಡ್ರೈವ್‌ನಲ್ಲಿ ಫೋಲ್ಡರ್ ಮಾಡಿ, ಎಲ್ಲರೂ ಬರೆಯಿರಿ ಎಂದೆ. ಆರು ತಿಂಗಳಲ್ಲಿ ಬಂದಿದ್ದು ಮೂರೇ ಫೈಲ್. ಕಾಕಾನಿಗೆ ಕೇಳಿದರೆ, "ಸಾಹೇಬ್ರ, ಮಷಿನ್ ನಡಸ್ಲಿ ಏನ್ ಬರಕೋತ ಕುಂದ್ರಲಿ?" ಎಂದರು. ನ್ಯಾಯವಾದ ಮಾತೇ, ಅಲ್ವಾ?

ಆಮೇಲೆ ಬರೆಯುವ ಕೆಲಸ ಕಲಿಯುವವನಿಗೆ ಕೊಟ್ಟೆ. ಐಟಿಐ ಮುಗಿಸಿ ಬಂದ ಹುಡುಗ ಕಾಕಾನ ಪಕ್ಕ ನಿಂತು, ಪ್ರತಿ ಹೆಜ್ಜೆಗೂ ಯಾಕೆ ಅಂತ ಕೇಳಿ, ವಿಡಿಯೋ ತೆಗೆದು, ಒಂದು ಪುಟ ಬರೆಯುತ್ತಾನೆ. ಕಾಕಾ ಅದನ್ನು ತಿದ್ದುತ್ತಾರೆ. ಕಾಕಾನಿಗೆ ಕೈ ತಾನೇ ನಡೆಯುತ್ತದೆ, ಹೇಳಲು ನೆನಪಾಗುವುದಿಲ್ಲ. ಹುಡುಗನಿಗೆ ತಾನು ಎಲ್ಲಿ ತಡವರಿಸಿದೆ ಎನ್ನುವುದು ಚೆನ್ನಾಗಿ ನೆನಪಿರುತ್ತದೆ. ಬರೆಯುವ ಅರ್ಧ ಗಂಟೆಯನ್ನು ಅವನ ಟಾರ್ಗೆಟ್‌ನಿಂದ ಕಳೆಯುತ್ತೇನೆ. ಮಾಲೀಕರನ್ನು ಒಪ್ಪಿಸಲು ಆ ಬುಷ್‌ನ ಲೆಕ್ಕವೇ ಸಾಕಾಯಿತು.

ಎಲ್ಲವೂ ಫೈಲಿಗೆ ಬರುವುದಿಲ್ಲ. ಲೋಹ ಕತ್ತರಿಸುವ ತುದಿ, ಅಂದರೆ ಇನ್ಸರ್ಟ್, ಸವೆದ ಸದ್ದನ್ನು ಕಾಕಾ ಮೂರು ಮಷಿನ್ ಆಚೆಯಿಂದ ಗುರುತಿಸುತ್ತಾರೆ. ವಿಡಿಯೋದಲ್ಲಿ ಅದು ಬರೀ ಗದ್ದಲ.

ನಮ್ಮೂರಿನ ತಲೆನೋವು ಹುಡುಕುವುದು. ಒಬ್ಬ ಕನ್ನಡದಲ್ಲಿ ಹೆಸರಿಡುತ್ತಾನೆ, ಒಬ್ಬ ಮರಾಠಿಯಲ್ಲಿ, ಇನ್ನೊಬ್ಬ ಇಂಗ್ಲಿಷ್ ಅಕ್ಷರದಲ್ಲಿ. ಈಗ ಫೈಲಿನ ಹೆಸರು ಪಾರ್ಟ್ ನಂಬರ್ ಮಾತ್ರ, ಒಳಗೆ ಯಾವ ಭಾಷೆಯಾದರೂ ಸರಿ. ಕೆಲಸದ ವಿವರ ಇರುವ ಜಾಬ್ ಕಾರ್ಡ್ ಮೇಲೆ ಆ ಫೈಲಿನ ಕ್ಯೂಆರ್ ಕೋಡ್ ಅಂಟಿಸಿದ ಮೇಲೆ ಹುಡುಕುವುದೂ ತಪ್ಪಿತು. ಅಂದ ಹಾಗೆ, ಕ್ಯೂಆರ್ ಕೋಡ್ ಹುಟ್ಟಿದ್ದೇ ವಾಹನಗಳ ಬಿಡಿಭಾಗಗಳ ಲೆಕ್ಕ ಇಡಲು, 1994ರಲ್ಲಿ, ಜಪಾನಿನ ಡೆನ್ಸೊ ಕಂಪನಿಯಲ್ಲಿ. ನಾವು ಅದನ್ನು ಚಹಾದಂಗಡಿಯಲ್ಲಿ ಮೊದಲು ಕಂಡೆವು.

ತುಂಬಾ ಇಷ್ಟವಾಗಿದ್ದು ನಾವು ಪುಟ ಬರೆಯುವ ಗೂಗಲ್ ಡಾಕ್ಸ್‌ನ ವರ್ಷನ್ ಹಿಸ್ಟರಿ, ಅಂದರೆ ಹಳೆಯ ಬದಲಾವಣೆಗಳ ದಾಖಲೆ. ಒಮ್ಮೆ ಯಾರೋ 0.02 ಇದ್ದಲ್ಲಿ 0.2 ಒತ್ತಿದ್ದರು. ಹಳೆಯ ಪುಟ ತೆರೆದು ಎರಡು ನಿಮಿಷದಲ್ಲಿ ಸರಿ ಮಾಡಿದೆವು. ಯಾರು ಮಾಡಿದ್ದು ಅಂತ ಅದರಲ್ಲಿ ಕಾಣುತ್ತದೆ, ಆದರೆ ನಾನು ಬೈಯಲಿಲ್ಲ. ಬೈದರೆ ನಾಳೆ ಯಾರೂ ಬರೆಯುವುದಿಲ್ಲ.

ಕಡಿಮೆಯಾದ ಒಂದು ಸ್ಟಾರ್ ಜಾಗದ ಲೆಕ್ಕಕ್ಕೆ. ಉಚಿತವಾಗಿ ಸಿಗುವುದು 15 ಜಿಬಿ, ಅದರಲ್ಲೇ ಜಿಮೇಲ್, ಫೋಟೋ ಎಲ್ಲಾ. ವಿಡಿಯೋ ಜಾಸ್ತಿ ಇದ್ದರೆ ಬೇಗ ತುಂಬುತ್ತದೆ. ಇನ್ನೊಂದು, ಸ್ವಂತ ಖಾತೆಯಲ್ಲಿ ಮಾಡಿದ ಫೈಲಿಗೆ ಮಾಲೀಕ ಅದನ್ನು ಮಾಡಿದವನೇ. ನಮ್ಮ ಹುಡುಗನೊಬ್ಬ ಪುಣೆಗೆ ಕೆಲಸಕ್ಕೆ ಹೋದಾಗ ಅವನ ಹೆಸರಿನಲ್ಲಿದ್ದ ಪುಟಗಳನ್ನೆಲ್ಲ ಕಾಪಿ ಮಾಡಿಕೊಳ್ಳಬೇಕಾಯಿತು. ಹಣ ಕಟ್ಟಿ ಬಳಸುವ ಗೂಗಲ್ ವರ್ಕ್‌ಸ್ಪೇಸ್‌ನ ಶೇರ್ಡ್ ಡ್ರೈವ್‌ನಲ್ಲಿ ಫೈಲು ತಂಡದ ಹೆಸರಿನಲ್ಲೇ ಇರುತ್ತದೆ. ಅದು ಬೇಡ ಎನ್ನುವವರು ಮೊದಲ ದಿನವೇ ಶಾಪ್ ಹೆಸರಿನಲ್ಲಿ ಒಂದು ಬೇರೆ ಖಾತೆ ತೆರೆದು, ಫೈಲುಗಳನ್ನು ಅದರಲ್ಲೇ ಮಾಡಿ.