ಹಳೇ ಬೋರ್ಡನ್ನು ಕೊಟ್ಟು ಕಳಿಸಬೇಡಿ

ವಾಷಿಂಗ್ ಮೆಷಿನ್, ಫ್ರಿಡ್ಜ್, ಟೀವಿ ರಿಪೇರಿಗೆ ಬಂದವರು "ಬೋರ್ಡ್ ಹೋಗಿದೆ" (ಅಂದರೆ ಮೆಷಿನ್ ನಡೆಸುವ ಎಲೆಕ್ಟ್ರಾನಿಕ್ ಸರ್ಕ್ಯೂಟ್ ಹಲಗೆ ಕೆಟ್ಟಿದೆ) ಅಂತ ಹೇಳಿದರೆ, ಹಳೇ ಬೋರ್ಡನ್ನು ಅವರ ಕೈಗೆ ಕೊಡುವ ಮುಂಚೆ ಇದನ್ನು ಓದಿ.

ನಮ್ಮ ಮನೆ ಬೆಂಗಳೂರಿನ ವಿಜಯನಗರದಲ್ಲಿ. ಆರು ವರ್ಷದ ಫ್ರಂಟ್ ಲೋಡ್ ಮೆಷಿನ್ ಮಾರ್ಚ್‌ನಲ್ಲಿ ಕರೆಂಟು ಹೋಗಿ ಬಂದಮೇಲೆ ಆನ್ ಆಗಲೇ ಇಲ್ಲ. ಕಂಪನಿ ಸರ್ವೀಸ್‌ನಿಂದ ಬಂದ ಹುಡುಗ ಐದು ನಿಮಿಷ ನೋಡಿ, "ಬೋರ್ಡ್ ಹೋಗಿದೆ ಸರ್. ನಾವು ರಿಪೇರಿ ಮಾಡಲ್ಲ, ಬದಲಾಯಿಸೋದೇ" ಅಂದ. 9,400 ರೂಪಾಯಿ. ಅಮ್ಮ ಹಾಸಿಗೆ ಹಿಡಿದಿದ್ದಾರೆ, ದಿನಾ ರಾಶಿ ಬಟ್ಟೆ. ಒಪ್ಪಿಕೊಂಡೆ. ಹಳೇದನ್ನು "ಕಂಪನಿ ರೂಲ್ಸು" ಅಂತ ಚೀಲಕ್ಕೆ ಹಾಕಿಕೊಂಡ. ಬಿಲ್ ವಾಟ್ಸಾಪ್‌ಗೆ ಬರುತ್ತೆ ಅಂದ, ಬರಲಿಲ್ಲ.

ಐದು ತಿಂಗಳಿಗೆ ಮೆಷಿನ್ ಮತ್ತೆ ನಿಂತಿತು. ಹೊಸ ಬೋರ್ಡಿನ ವಾರಂಟಿ ಮೂರೇ ತಿಂಗಳು ಅಂತ ಗೊತ್ತಾಗಿದ್ದೇ ಆಗ. ಈ ಸಲ ಬೋರ್ಡ್ ಬಿಚ್ಚಿಸಿಕೊಂಡು ಎಲೆಕ್ಟ್ರಾನಿಕ್ಸ್ ಅಂಗಡಿಗಳಿರುವ ಎಸ್.ಪಿ. ರೋಡಿಗೆ ಹೋದೆ. ಬೋರ್ಡಿನ ತುಂಬಾ ರೆಸಿನ್ (ಅಂಟಿನಂಥ ಪದಾರ್ಥ) ಸುರಿದಿರುತ್ತಾರೆ. ತೇವ ಒಳಗೆ ಹೋಗದಿರಲಿ ಅಂತ ಹಾಕುವುದು ನಿಜ, ಆದರೆ ಅದನ್ನು ನೋಡಿದರೆ ಎಷ್ಟೋ ಅಂಗಡಿಯವರು ಮುಟ್ಟುವುದೇ ಇಲ್ಲ. ಮೂರು ಕಡೆ ಆಗಲ್ಲ ಅಂದರು. ನಾಲ್ಕನೇ ಅಂಗಡಿಯ ಹಿರಿಯರೊಬ್ಬರು ಬಿಸಿಗಾಳಿ ಹಿಡಿದು ಅದನ್ನು ಮೆತ್ತಗೆ ಮಾಡಿ, ಕೆರೆದು, ಒಳಗಡೆ ತೋರಿಸಿದರು. ಬೋರ್ಡಿಗೆ ಕರೆಂಟು ಒದಗಿಸುವ ಚಿಪ್ (ಪವರ್ ಸಪ್ಲೈ ಐಸಿ) ಸುಟ್ಟಿತ್ತು, ಪಕ್ಕದಲ್ಲಿ ವಿದ್ಯುತ್ ಹಿಡಿದಿಡುವ ಕೆಪಾಸಿಟರ್ ಉಬ್ಬಿತ್ತು. ಕೂಲಿ ಸೇರಿ 1,300. "ಮೊದಲನೇ ಬೋರ್ಡೂ ಇದ್ದಿದ್ರೆ ನೋಡ್ಬಹುದಿತ್ತು ಸಾರ್" ಅಂದರು. ಹೊಟ್ಟೆ ಉರಿದುಹೋಯಿತು. ನನ್ನ ದುಡ್ಡಲ್ಲಿ ಕೊಂಡ ವಸ್ತುವನ್ನು ನಾನೇ ಕೈಯಾರೆ ಕೊಟ್ಟು ಕಳಿಸಿದ್ದೆ.

ಆದ್ದರಿಂದ ಮೆಷಿನ್ ಬಿಚ್ಚುವ ಮೊದಲೇ ಹೇಳಿಬಿಡಿ: ಹಳೇ ಭಾಗ ನನಗೆ ಬೇಕು, ಏನು ಕೆಟ್ಟಿದೆ ಅಂತ ಬರೆದುಕೊಡಿ, ಹೊಸದರ ವಾರಂಟಿ ಬಿಲ್ಲಿನಲ್ಲಿರಲಿ. ಹಳೇದನ್ನು ಕೊಟ್ಟರೆ ಬೆಲೆ ಕಮ್ಮಿ ಅಂದರೆ, ಎಷ್ಟು ಕಮ್ಮಿ ಅಂತ ಕೇಳಿ, ಆಮೇಲೆ ತೀರ್ಮಾನಿಸಿ.

ರಿಪೇರಿ ಹಕ್ಕಿನ ಬಗ್ಗೆ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರ್‌ನಲ್ಲಿ ಪೋರ್ಟಲ್ ತೆರೆದಿದೆ. ಮಾಹಿತಿಗೆ ಒಳ್ಳೆಯದು, ಆದರೆ ಬಿಡಿಭಾಗ ಕೊಡಲೇಬೇಕು ಅಂತ ಕಂಪನಿಯನ್ನು ಕಟ್ಟಿಹಾಕುವ ಶಕ್ತಿ ಅದಕ್ಕಿಲ್ಲ. ಬಿಲ್ ವಿಷಯ ಹಾಗಲ್ಲ. ಬಿಲ್ ಕೊಡದಿರುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಅನುಚಿತ ವ್ಯಾಪಾರ ಪದ್ಧತಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಕೊಟ್ಟೆ, ಹತ್ತು ದಿನದಲ್ಲಿ ಬಿಲ್ ಬಂತು. ಬೋರ್ಡ್ ಮಾತ್ರ ಗುಜರಿಗೆ ಹೋಗಿದೆಯಂತೆ.

ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಲು ಎರಡು ವರ್ಷ ಸಮಯವಿದೆ, ನಾವು ಕೊಟ್ಟ ಹಣ 5 ಲಕ್ಷದವರೆಗೆ ಇದ್ದರೆ ಶುಲ್ಕವೂ ಇಲ್ಲ. ಅರ್ಜಿ ಬರೆಯುತ್ತಿದ್ದೇನೆ. ಮೊದಲ ಬೋರ್ಡಿನಲ್ಲಿ ಕೆಟ್ಟಿದ್ದೇನು ಅನ್ನುವ ಕಡೆ ಏನು ಬರೆಯಬೇಕೋ ತೋಚುತ್ತಿಲ್ಲ.