ಕಮ್ಯುನಿಟಿ ಕಾಲೇಜಿನ ಇಎಸ್ಎಲ್ ಬರವಣಿಗೆ ಕೋರ್ಸು: ಸೇರುವ ಮುನ್ನ ತಿಳಿದಿರಬೇಕಾದದ್ದು

ಮದುವೆಯಾಗಿ ಕ್ಯಾಲಿಫೋರ್ನಿಯಾಕ್ಕೆ ಬಂದ ಮೂರನೆಯ ವರ್ಷ, ಮನೆಗೆ ಸಮೀಪದ ಕಮ್ಯುನಿಟಿ ಕಾಲೇಜೊಂದರಲ್ಲಿ, ಅಂದರೆ ಎರಡು ವರ್ಷದ ಸಾರ್ವಜನಿಕ ಕಾಲೇಜಿನಲ್ಲಿ, ನಾನು ಇಎಸ್ಎಲ್ ಬರವಣಿಗೆ ಕೋರ್ಸಿಗೆ ಸೇರಿದೆ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ್ದರೂ ಬಿ.ಕಾಂ. ಪರೀಕ್ಷೆಗಳನ್ನೆಲ್ಲ ಇಂಗ್ಲಿಷಿನಲ್ಲೇ ಬರೆದಿದ್ದರಿಂದ, ಇಂಗ್ಲಿಷನ್ನು ಎರಡನೆಯ ಭಾಷೆಯಾಗಿ ಕಲಿತವರಿಗೆಂದೇ ಇರುವ ಈ ತರಗತಿ ನನಗೆ ನೀರು ಕುಡಿದಷ್ಟು ಸುಲಭವೆಂದುಕೊಂಡಿದ್ದೆ. ಮೊದಲ ಪ್ರಬಂಧ ತಿದ್ದಿ ಬಂದ ದಿನವೇ ಆ ಭ್ರಮೆ ಕಳಚಿತು.

ಶುಲ್ಕದ ಬಗ್ಗೆ ದೂರಿಲ್ಲ. ರಾಜ್ಯದ ನಿವಾಸಿಗಳೆಂದು ಪರಿಗಣಿತರಾದವರಿಗೆ ಯೂನಿಟ್ಟಿಗೆ, ಅಂದರೆ ವಾರಕ್ಕೆ ಸುಮಾರು ಒಂದು ಗಂಟೆಯ ತರಗತಿಗೆ, ಸೆಮಿಸ್ಟರಿಗೆ 46 ಡಾಲರ್. ನನ್ನದು 5 ಯೂನಿಟ್ಟಿನ ಕೋರ್ಸಾದ್ದರಿಂದ 230 ಡಾಲರ್ ಆಯಿತು. ನಿವಾಸಿಗಳಲ್ಲದವರಿಗೆ ಇದರ ಹಲವು ಪಟ್ಟು ತಗಲುತ್ತದೆ, ಆದ್ದರಿಂದ ವೀಸಾದ ಮೇಲೆ ಬಂದವರು ಮೊದಲು ಪ್ರವೇಶ ಕಚೇರಿಯಲ್ಲಿ ವಿಚಾರಿಸಿಕೊಳ್ಳಬೇಕು. ನಿಜವಾದ ಖರ್ಚು ಸಮಯದ್ದು. ತರಗತಿಯ ಒಂದು ಗಂಟೆಗೆ ಮನೆಯಲ್ಲಿ ಎರಡು ಗಂಟೆ ಎಂಬುದು ಇಲ್ಲಿನ ಲೆಕ್ಕ. ವಾರಕ್ಕೆ ಹದಿನೈದು ಗಂಟೆ ಎತ್ತಿಡಲಾಗದವರು ಇನ್ನೊಂದು ಸೆಮಿಸ್ಟರ್ ಕಾಯುವುದೇ ಲೇಸು.

ಕಲಿಸುವ ಕ್ರಮವೇ ಈ ಕೋರ್ಸಿನ ಸತ್ವ. ಒಂದೇ ಪ್ರಬಂಧವನ್ನು ಮೂರು ಸಲ ಬರೆಯಬೇಕು: ಮೊದಲ ಕರಡನ್ನು ಸಹಪಾಠಿ ಓದುತ್ತಾರೆ, ಎರಡನೆಯದನ್ನು ಅಧ್ಯಾಪಕಿ ಓದುತ್ತಾರೆ, ಅಂಕ ಸಿಗುವುದು ಮೂರನೆಯದಕ್ಕೆ ಮಾತ್ರ. ಊರು ಬಿಟ್ಟು ನಗರ ಸೇರುವವರ ಕುರಿತ ನನ್ನ ಮೊದಲ ಪ್ರಬಂಧವನ್ನು, ಶಾಲೆಯಲ್ಲಿ ಕಲಿತ ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರಗಳ ಪ್ರಕಾರ, ‘ಮಾನವನು ಸಂಘಜೀವಿ’ ಎಂಬ ವಾಕ್ಯದಿಂದಲೇ ಆರಂಭಿಸಿದ್ದೆ, ಇಂಗ್ಲಿಷಿನಲ್ಲಿ, ಅಷ್ಟೇ. ಅಧ್ಯಾಪಕಿ ಮೊದಲ ಪ್ಯಾರಾಕ್ಕೆ ಉದ್ದಕ್ಕೂ ಗೆರೆ ಎಳೆದು, ‘ನಿಮ್ಮ ವಾದ ನಾಲ್ಕನೆಯ ಪ್ಯಾರಾದಲ್ಲಿ ಸಿಕ್ಕಿತು, ಅದನ್ನು ಮೇಲಕ್ಕೆ ತನ್ನಿ’ ಎಂದು ಬರೆದಿದ್ದರು. ಹೇಳಬೇಕಾದದ್ದನ್ನು ಮೊದಲೇ ಹೇಳಿಬಿಡುವುದು, ಅದನ್ನೇ ಇವರು ಥೀಸಿಸ್ ಎನ್ನುತ್ತಾರೆ, ನನಗೆ ಕೆಲವು ವಾರಗಳ ಕಾಲ ಒರಟುತನದಂತೆಯೇ ಕಂಡಿತು.

ವ್ಯಾಕರಣದಲ್ಲಿ ಕನ್ನಡಿಗರನ್ನು ಹೆಚ್ಚು ಕಾಡುವುದು ಇಂಗ್ಲಿಷಿನ ‘ಎ’ (a), ‘ದ’ (the) ಎಂಬ ಪುಟ್ಟ ಪದಗಳು. ನನ್ನ ಒಂದೇ ಪುಟದಲ್ಲಿ ಇವಕ್ಕಾಗಿ ಹನ್ನೊಂದು ಕಡೆ ಕೆಂಪು ಸುತ್ತು ಬಿದ್ದಿತ್ತು. ಯಾವ ನಿಯಮವೂ ತಲೆಗೆ ಹತ್ತದಿದ್ದಾಗ ನನಗೆ ನೆರವಾದದ್ದು ನಮ್ಮ ದ್ವಿತೀಯಾ ವಿಭಕ್ತಿ: ‘ಪುಸ್ತಕ ಓದಿದೆ’ ಎಂದರೆ ಯಾವುದೋ ಪುಸ್ತಕ, ಅಲ್ಲಿ ‘ಎ’; ‘ಪುಸ್ತಕವನ್ನು ಓದಿದೆ’ ಎಂದರೆ ಬಹುಮಟ್ಟಿಗೆ ಕೇಳುವವರಿಗೂ ಗೊತ್ತಿರುವ ಪುಸ್ತಕ, ಅಲ್ಲಿ ‘ದ’. ಈ ವ್ಯತ್ಯಾಸ ಎಲ್ಲ ಕಡೆಯೂ ಹೊಂದುವುದಿಲ್ಲ, ಆದರೂ ಅರ್ಧಕ್ಕರ್ಧ ಸುತ್ತುಗಳು ಅದರಿಂದಲೇ ಕಡಿಮೆಯಾದವು. ಭಾರತದ ಕಚೇರಿಗಳಲ್ಲಿ ಸಲೀಸಾಗಿ ಓಡುವ ‘ಡಿಸ್ಕಸ್ ಅಬೌಟ್’ ಇಲ್ಲಿ ತಪ್ಪೆನಿಸುತ್ತದೆ.

ಗೈಡ್ ನೋಡಿ ಉತ್ತರ ಬಾಯಿಪಾಠ ಮಾಡಿ ಬೆಳೆದವರು ಇನ್ನೊಂದು ವಿಷಯದಲ್ಲಿ ಎಚ್ಚರದಿಂದಿರಬೇಕು. ಬೇರೆಯವರ ವಿಚಾರವನ್ನು ಪೂರ್ತಿ ನಮ್ಮದೇ ಮಾತಿನಲ್ಲಿ ಬರೆದರೂ ಮೂಲವನ್ನು ಹೆಸರಿಸದಿದ್ದರೆ ಅದು ಕೃತಿಚೌರ್ಯವೇ ಆಗುತ್ತದೆ, ಮತ್ತು ‘ಗೊತ್ತಿರಲಿಲ್ಲ’ ಎಂಬ ಸಮಜಾಯಿಷಿ ನಡೆಯುವುದಿಲ್ಲ.

ಕೊರತೆಗಳೂ ಇವೆ. ಎರಡನೆಯ ಪ್ರಬಂಧದ ಕರಡು ತಿದ್ದಿ ನನ್ನ ಕೈಸೇರುವ ಹೊತ್ತಿಗೆ ಮೂರನೆಯ ಪ್ರಬಂಧವನ್ನು ಒಪ್ಪಿಸಿಯಾಗಿತ್ತು. ತಿದ್ದುಪಡಿಯ ಮೇಲೆಯೇ ನಿಂತ ಕೋರ್ಸಿನಲ್ಲಿ ಇದು ಸಣ್ಣ ಲೋಪವಲ್ಲ. ಸಹಪಾಠಿಗಳ ಓದು ಹೆಚ್ಚಾಗಿ ‘ಚೆನ್ನಾಗಿದೆ’ ಎಂಬಲ್ಲಿಗೆ ಮುಗಿಯುತ್ತಿತ್ತು. ಒಬ್ಬ ಹಿರಿಯ ವಿಯೆಟ್ನಾಮೀ ಮಹಿಳೆ ಮಾತ್ರ ನನ್ನ ವಾಕ್ಯವೊಂದಕ್ಕೆ ಬೆರಳಿಟ್ಟು, ‘ಇಲ್ಲಿ ಹೋದದ್ದು ಯಾರು?’ ಎಂದು ಕೇಳಿದರು. ‘ಹೋದೆ’ ಎಂದರೆ ಸಾಕಾಗುವ ಭಾಷೆಯಿಂದ ಬಂದ ನಾನು ಕರ್ತೃಪದವನ್ನೇ ಬಿಟ್ಟಿದ್ದೆ.

ಕಾಲೇಜಿನ ಬರವಣಿಗೆ ಕೇಂದ್ರದಲ್ಲಿ ಅರ್ಧ ಗಂಟೆಯ ನೆರವು ಉಚಿತವಾಗಿ ಸಿಗುತ್ತದೆ, ಆದರೆ ಅಲ್ಲಿನವರು ತಪ್ಪನ್ನು ತೋರಿಸುತ್ತಾರೆಯೇ ಹೊರತು ತಿದ್ದಿಕೊಡುವುದಿಲ್ಲ. ಹತ್ತನೆಯ ವಾರದ ನಂತರ ಅಲ್ಲಿ ಸಮಯ ಸಿಗುವುದು ದುಸ್ತರ. ಮೊದಲ ವಾರದಲ್ಲೇ, ಪ್ರತಿ ಕರಡಿನ ಗಡುವಿಗೆ ಎರಡು ದಿನ ಮುಂಚಿನ ತಾರೀಕುಗಳಿಗೆ ಹೆಸರು ಬರೆಸಿಡಿ.